ಒತ್ತಿದ ಸಹಿ, ತೇಲಿದ ಸಹಿ

ಈಚೆಗೆ ಬ್ಯಾಂಕ್ ಕೆಲಸಕ್ಕೆ ಸೇರಿದ ನನ್ನ ಅಕ್ಕನ ಮಗಳು ಮೊನ್ನೆ ಚಿತ್ರದುರ್ಗಕ್ಕೆ ಬಂದಿದ್ದಾಗ ಕೇಳಿದಳು, “ಚಿಕ್ಕಮ್ಮ, ಇಡೀ ಸರ್ವೀಸಲ್ಲಿ ನೀವು ಏನ್ ಕೆಲಸ ಮಾಡಿದ್ರಿ?”

“ಸಹಿ ನೋಡಿದೆ.”

“ಆಮೇಲೆ?”

“ಆಮೇಲೆ ರಿಟೈರ್ ಆದೆ.”

ಅವಳು ಬಿದ್ದು ಬಿದ್ದು ನಕ್ಕಳು. ನನಗೆ ಸಿಟ್ಟು ಬಂತು. ಸಹಿ ನೋಡುವುದೆಂದರೆ ಗೋಡೆ ನೋಡಿದ ಹಾಗೆ ಎಂದು ಈಗಿನವರು ತಿಳಿದಿದ್ದಾರೆ. ಅವಳಿಗೆ ಬಾಯಲ್ಲಿ ಹೇಳಿದರೆ ಮಧ್ಯದಲ್ಲಿ ಮೊಬೈಲ್ ನೋಡುತ್ತಾಳೆ, ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಯಾವಾಗ ಆಫೀಸರ್ ಆದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ನಮ್ಮ ಯಜಮಾನರಿಗೇ ನೆನಪಿಲ್ಲ, ನಿಮಗೆ ಯಾಕೆ?

ನನಗೆ ಕೆಲಸ ಕಲಿಸಿದವರು ದುರ್ಗದ ಶಾಖೆಯಲ್ಲಿದ್ದ ತಿಪ್ಪೇಸ್ವಾಮಿ ಸಾರ್. ಆಗ ಗಿರಾಕಿಯ ಸಹಿ ಒಂದು ರಟ್ಟಿನ ಕಾರ್ಡಿನ ಮೇಲೆ ಇರುತ್ತಿತ್ತು. ಚೆಕ್ ಬಂದರೆ ಕಾರ್ಡು ತೆಗೆದು ಎರಡನ್ನೂ ಹೋಲಿಸಿ ನೋಡಬೇಕು. ಎಲ್ಲರೂ ಕಣ್ಣಲ್ಲಿ ನೋಡುತ್ತಿದ್ದರು. ತಿಪ್ಪೇಸ್ವಾಮಿ ಸಾರ್ ಮಾತ್ರ ಚೆಕ್ಕನ್ನು ಮಗುಚಿ, ಕಣ್ಣು ಮುಚ್ಚಿ, ಸಹಿಯ ಹಿಂಬದಿಯನ್ನು ತೋರುಬೆರಳಿನಿಂದ ಸವರುತ್ತಿದ್ದರು. ಪೆನ್ನು ಒತ್ತಿದ ಕಡೆ ಕಾಗದದ ಬೆನ್ನು ಉಬ್ಬಿರುತ್ತದೆ, ಹಗುರವಾಗಿ ಓಡಿದ ಕಡೆ ನುಣುಪಾಗಿರುತ್ತದೆ.

“ನೋಡಮ್ಮ ಗಿರಿಜಾ,” ಎನ್ನುತ್ತಿದ್ದರು, “ಕಳ್ಳ ಮುಖ ನಕಲು ಮಾಡ್ತಾನೆ. ಬೆನ್ನು ಮಾಡಾಕೆ ಬರಲ್ಲ. ಅವನು ಹೆದರ್ಕಂಡು ಬರಿತಾನೆ ನೋಡು, ಮೊದಲಿಂದ ಕೊನೇವರೆಗೂ ಒಂದೇ ಸಮ ಒತ್ತಿರ್ತಾನೆ. ಅಸಲಿ ಮನುಷ್ಯ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಹಾರಿ ಹೋಗಿರ್ತಾನೆ.”

ಒಮ್ಮೆ ತಪಾಸಣೆಗೆ ಬಂದ ದೊಡ್ಡ ಸಾಹೇಬರು ಇವರು ಕಣ್ಣು ಮುಚ್ಚಿ ಕೂತಿದ್ದನ್ನು ನೋಡಿ, “ಏನ್ರಿ, ನಿದ್ದೆನಾ?” ಎಂದರು. “ಇಲ್ಲ ಸಾರ್, ಓದ್ತಾ ಇದೀನಿ” ಎಂದರು ಇವರು. ಸಾಹೇಬರು ಉರಿದುಬಿದ್ದು ತಮ್ಮ ಟಿಪ್ಪಣಿಯ ಹಾಳೆಯನ್ನೇ ಮುಂದಕ್ಕೆ ತಳ್ಳಿ, ಹಾಗಾದರೆ ಇದನ್ನು ಓದಿ ಎಂದರು. ತಿಪ್ಪೇಸ್ವಾಮಿ ಸಾರ್ ಹಾಳೆ ಮಗುಚಿ ಬೆರಳಾಡಿಸಿ, “ಸಾರ್, ನಿಮ್ಮ ಎಡಗಾಲಿನ ಶೂ ಕಚ್ತಾ ಐತೆ” ಎಂದರು. ಸಾಹೇಬರ ಮುಖ ಬಿಳಚಿಕೊಂಡಿತು. ಅವತ್ತೇ ಹೊಸ ಶೂ ಹಾಕಿದ್ದರಂತೆ. ವರದಿಯಲ್ಲಿ ನಮ್ಮ ಶಾಖೆಯ ಬಗ್ಗೆ ಒಂದು ಕೆಟ್ಟ ಮಾತೂ ಬರಲಿಲ್ಲ. ಅದು ಹೇಗೆ ಗೊತ್ತಾಯಿತು ಎಂದು ನಾನು ತಿಂಗಳುಗಟ್ಟಲೆ ಪೀಡಿಸಿದ ಮೇಲೆ ಬಾಯಿಬಿಟ್ಟರು. “ಬೆಳಗ್ಗೆ ಬಾಗಲಿಂದ ಕುಂಟ್ಕಂಡು ಬಂದ್ರಲ್ಲಮ್ಮ.”

ಹೊಳಲ್ಕೆರೆಗೆ ವರ್ಗವಾದಾಗ ನಾನು ಪೂರ್ತಿ ಬೆರಳಿನ ಪಂಡಿತೆಯಾಗಿದ್ದೆ. ಮದುವೆಯ ಕರೆಯೋಲೆ ಬಂದರೂ ಮೊದಲು ಬೆನ್ನು ಸವರುವಷ್ಟು. ಅಲ್ಲಿ ರಾಮಗಿರಿಯಿಂದ ಶಿವಲಿಂಗಪ್ಪ ಮೇಷ್ಟ್ರು ಎಂಬ ನಿವೃತ್ತ ಹೆಡ್‌ಮಾಸ್ಟರು ಬರುತ್ತಿದ್ದರು. ಒಮ್ಮೆ ಅವರ ಚೆಕ್ಕನ್ನು ಬೆಳಕಿಗೆ ಹಿಡಿದಾಗ, ಶಾಯಿಯ ಸಹಿಯ ಪಕ್ಕದಲ್ಲೇ ಶಾಯಿಯಿಲ್ಲದ ಇನ್ನೊಂದು ಸಹಿ ಗೀರಿನ ಹಾಗೆ ಕಾಣಿಸಿತು. ಯಾರೋ ಒಣ ಪೆನ್ನಿನಲ್ಲಿ ಮೊದಲು ಅಭ್ಯಾಸ ಮಾಡಿ ಆಮೇಲೆ ಶಾಯಿ ತುಂಬಲು ಹೋಗಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮೇಷ್ಟ್ರನ್ನು ಕೂರಿಸಿ, ಮ್ಯಾನೇಜರನ್ನು ಕರೆದು, ಇದು ಖೋಟಾ ಎಂದು ಘೋಷಿಸಿದೆ.

ಮೇಷ್ಟ್ರು ನನ್ನ ಮೇಜಿನ ಮೇಲಿದ್ದ ಬಿಳಿ ಹಾಳೆಯ ಪ್ಯಾಡು ಎಳೆದುಕೊಂಡು, ಮೇಲಿನ ಹಾಳೆಗೆ ಸಹಿ ಮಾಡಿ, ಒಂದೊಂದೇ ಹಾಳೆ ಹರಿದು ನನ್ನ ಕೈಗೆ ಕೊಡುತ್ತ ಹೋದರು. ಹಾಳೆ ಹಾಳೆಯಲ್ಲೂ ಅದೇ ಗೀರು. ಮೇಲಿನ ಚೆಕ್ಕಿಗೆ ಒತ್ತಿದ ಸಹಿ ಕೆಳಗಿನ ಚೆಕ್ಕಿಗೂ ಇಳಿದಿತ್ತು, ಅಷ್ಟೇ. ರಟ್ಟು ಬಂದಾಗ ನಿಲ್ಲಿಸಿದರು. ರಟ್ಟಿನ ಮೇಲೂ ಇತ್ತು.

“ಕೊನೇ ಹಾಳೆವರೆಗೂ ನಾನೇ ಇದೀನಿ, ನೋಡ್ಕಳಮ್ಮ,” ಎಂದರು. “ಬೇಕಾದ್ರೆ ಟೇಬಲ್ಲೂ ಹರಿತೀನಿ.”

ಇಷ್ಟು ಒತ್ತಬೇಡಿ ಸಾರ್, ಕೆಳಗೆ ಒಂದು ರಟ್ಟು ಇಟ್ಟುಕೊಳ್ಳಿ ಎಂದು ಮೆಲ್ಲಗೆ ಹೇಳಿದೆ. “ನಾನೆಲ್ಲಿ ಒತ್ತಿದೆ? ನಿಮ್ಮ ಹಾಳೆ ಮೆತ್ತಗೈತೆ” ಎಂದು ಎದ್ದು ಹೋದರು. ನಲವತ್ತು ಮಕ್ಕಳ ಗಲಾಟೆಯ ನಡುವೆ ಹಾಜರಿ ಬರೆದ ಕೈ ಅದು, ಮೆತ್ತಗೆ ಬರೆಯುವುದು ಅವರಿಗೆ ಮೆತ್ತಗೆ ಮಾತಾಡುವಷ್ಟೇ ಕಷ್ಟ.

ಹೊಸದುರ್ಗದಲ್ಲಿ ಸಿಕ್ಕ ಮ್ಯಾನೇಜರ್ ಬೇರೆಯೇ ತಳಿ. ಅವರ ಹೆಸರು ಬೇಡ, ಅವರ ಸೊಸೆ ನಮ್ಮ ಬೀದಿಯಲ್ಲೇ ಇದ್ದಾಳೆ. ಕೌಂಟರಿನ ಪೆನ್ನು ಕಾಣೆಯಾಗುವುದನ್ನು ಅವರು ಸ್ವಂತ ಮನೆಯ ಕಳ್ಳತನದ ಹಾಗೆ ಮನಸ್ಸಿಗೆ ಹಚ್ಚಿಕೊಂಡಿದ್ದರು. ಪೆನ್ನಿಗೆ ದಾರ ಕಟ್ಟಿಸಿದರು. ಯಾರೋ ದಾರ ಕತ್ತರಿಸಿ ಒಯ್ದರು. ಆಮೇಲೆ ಚೀಲ ಹೊಲಿಯುವ ಹುರಿಯಲ್ಲಿ ಗೇಣುದ್ದ ಬಿಟ್ಟು ಬಿಗಿಸಿದರು. ಗಿರಾಕಿಗಳು ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿಯುವವರ ಹಾಗೆ ಬಗ್ಗಿ ಸಹಿ ಮಾಡಬೇಕಾಯಿತು. ಮೊದಲ ಅಕ್ಷರ ಸರಿಯಾಗಿ ಒತ್ತುತ್ತಿತ್ತು, ಕೊನೆಯ ಅಕ್ಷರಕ್ಕೆ ಹೋಗುವಷ್ಟರಲ್ಲಿ ಹುರಿ ಹಿಂದಕ್ಕೆ ಜಗ್ಗಿ ಪೆನ್ನು ಗಾಳಿಯಲ್ಲಿ ತೇಲುತ್ತಿತ್ತು. ಊರಿಗೆ ಊರೇ ಅರ್ಧ ಸಹಿ ಮಾಡಿತು. ಹುರಿ ಉದ್ದ ಮಾಡಿಸಿ ಸಾರ್ ಎಂದರೆ, “ಪೆನ್ ಹೋದ್ರೆ ನೀವು ತಂದ್ಕೊಡ್ತೀರಾ?” ಎನ್ನುತ್ತಿದ್ದರು. ಒಂದು ದಿನ ಅವರೇ ಕೌಂಟರಿನ ಆಚೆ ಬಗ್ಗಿ ನಿಂತು ಸ್ವಂತ ಖಾತೆಯ ಚೆಕ್ಕಿಗೆ ಸಹಿ ಮಾಡಿ ಕೊಟ್ಟರು. ನಾನು ಚೆಕ್ಕಿನ ಬೆನ್ನು ಸವರಿ, ಹೊಂದುತ್ತಿಲ್ಲ ಎಂದು ವಾಪಸ್ ಮಾಡಿದೆ. ಮಧ್ಯಾಹ್ನಕ್ಕೆ ಹುರಿ ಬಿಚ್ಚಿಸಿದರು. ಪೆನ್ನು ಸಂಜೆಗೆ ಹೋಯಿತು.

ಹೀಗೆ ಬೆರಳು ಸವೆಸುತ್ತ ನಾನು ಹಿರಿಯೂರಿಗೆ ಬರುವ ಹೊತ್ತಿಗೆ ಯಂತ್ರವೂ ಬಂತು. ನೋಡಲು ಒಂದು ಕರಿ ಹಲಗೆ, ಅದಕ್ಕೊಂದು ಶಾಯಿಯಿಲ್ಲದ ಪೆನ್ನು. ಅದನ್ನು ತಂದು ಕೂರಿಸಿದವನು ಕಂಪನಿಯ ಇಂಜಿನಿಯರ್ ವಿನಯ್. ಒಳ್ಳೆಯ ಹುಡುಗ, ಸದಾ ಅವಸರ. “ಮೇಡಂ, ಇದು ಬರೀ ಸಹಿ ಆಕಾರ ನೋಡಲ್ಲ. ಪೆನ್ ಎಲ್ಲಿ ಎಷ್ಟು ಒತ್ತಿದ್ರಿ, ಎಲ್ಲಿ ನಿಧಾನ ಮಾಡಿದ್ರಿ, ಎಲ್ಲಿ ಎತ್ತಿದ್ರಿ, ಎಲ್ಲಾ ಅಳೆದು ನೆನಪಿಟ್ಕೊಳುತ್ತೆ” ಎಂದ. ನನಗೆ ತಿಪ್ಪೇಸ್ವಾಮಿ ಸಾರನ್ನೇ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ತಂದಿದ್ದಾರೆ ಅನ್ನಿಸಿತು. ನಾನು ವಿನಯ್ ಸಹಿಯನ್ನು ಗೆರೆ ತಪ್ಪದೆ ನಕಲು ಮಾಡಿದೆ. ಯಂತ್ರ ಕೂಡಲೇ ಕೆಂಪು ದೀಪ ತೋರಿಸಿತು. ಅವತ್ತೇ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು.

ಆದರೆ ಮನುಷ್ಯನ ಕೈ ದಿನಾ ಒಂದೇ ಥರ ಇರುವುದಿಲ್ಲ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ನಮ್ಮ ಮ್ಯಾನೇಜರ್ ರಂಗನಾಥ ಸಾರ್ ಹೆಡ್ಡಾಫೀಸಿನಿಂದ ಫೋನು ಬಂದ ಮೇಲೆ ಸಹಿ ಮಾಡಿದರೆ ಯಂತ್ರ ಅವರನ್ನೇ ಒಪ್ಪುತ್ತಿರಲಿಲ್ಲ. ಫೋನಿಗೆ ಮುಂಚೆ ಒಪ್ಪುತ್ತಿತ್ತು. ಪಾಪ, ಅವರು ಫೋನಿಟ್ಟು, ಬಾಗಿಲು ಹಾಕಿ, ಮೂಗು ಹಿಡಿದು ಉಸಿರು ಎಳೆದು ಬಿಟ್ಟು, ಸಮಾಧಾನವಾದ ಮೇಲೆ ಬಂದು ಸಹಿ ಮಾಡುವ ಪದ್ಧತಿ ಇಟ್ಟುಕೊಂಡರು. ಗಿರಾಕಿಗಳು ಸಾಹೇಬರು ಪೂಜೆಗೆ ಕೂತಿದ್ದಾರೆ ಎಂದು ಕಾಯುತ್ತಿದ್ದರು.

ಎಲ್ಲರ ಸಹಿಯನ್ನೂ ಯಂತ್ರಕ್ಕೆ ಮೊದಲು ಕಲಿಸಬೇಕಿತ್ತು. ದೂರದ ಊರಿನವರಿಗಾಗಿ ನಮ್ಮ ಅಟೆಂಡರ್ ಓಬಳೇಶ ಯಂತ್ರ ಹೊತ್ತು ಬಸ್ಸಿನಲ್ಲಿ ಹಳ್ಳಿಗಳಿಗೆ ಹೋಗಿ ಕ್ಯಾಂಪ್ ಮಾಡಿ ಬಂದ. ಜವನಗೊಂಡನಹಳ್ಳಿಯವರು ಬಂದು ಸಹಿ ಮಾಡಿದರೆ ಹಸಿರು. ಧರ್ಮಪುರದವರು ಮಾಡಿದರೆ ಕೆಂಪು. ಧರ್ಮಪುರದ ಒಬ್ಬರನ್ನೂ ಯಂತ್ರ ಒಪ್ಪಲಿಲ್ಲ. ಆಂಧ್ರದ ಗಡಿ ಹತ್ತಿರವಾದ್ದರಿಂದ ಸಿಗ್ನಲ್ ತೊಂದರೆ ಇರಬಹುದು ಎಂದು ರಂಗನಾಥ ಸಾರ್ ತೀರ್ಮಾನಿಸಿದರು. ಸಹಿ ಮಾಡುವುದು ಹಿರಿಯೂರಿನಲ್ಲಿ ಕೂತು, ಸಿಗ್ನಲ್ ತೊಂದರೆ ಧರ್ಮಪುರದಲ್ಲಿ. ನಾನು ಬಾಯಿಗೆ ಬೀಗ ಹಾಕಿಕೊಂಡು, ಧರ್ಮಪುರದವರ ಚೆಕ್ಕುಗಳನ್ನು ಹಳೇ ಪದ್ಧತಿಯಲ್ಲಿ ಬೆರಳಿನಿಂದಲೇ ಪಾಸು ಮಾಡುತ್ತಿದ್ದೆ. ಲಾಕರಿಗೆ ಮಾತ್ರ ಹಳೇ ಪದ್ಧತಿ ನಡೆಯುತ್ತಿರಲಿಲ್ಲ. ಒಳಗೆ ಹೋಗುವಾಗ ಒಂದು ಸಹಿ, ಹೊರಗೆ ಬರುವಾಗ ಒಂದು ಸಹಿ, ಎರಡೂ ಯಂತ್ರದ ಮೇಲೆಯೇ ಆಗಬೇಕೆಂದು ಮೇಲಿನ ಆದೇಶ.

ಆಗ ಬಂದವರು ಖೈರುನ್‌ಬಿ.

ಖಾತೆಯಲ್ಲಿ ಖೈರುನ್ನಿಸಾ, ಧರ್ಮಪುರದಲ್ಲಿ ಶೇಂಗಾ ಮಂಡಿ ಇಟ್ಟಿದ್ದ ಸಾಬರ ಹೆಂಡತಿ. ಗಂಡ ಹೋದ ಮೇಲೆ ತಾವೇ ಮಂಡಿ ನಡೆಸಿದವರು. ಒಂದು ಶುಕ್ರವಾರ ಬಾಗಿಲು ತೆಗೆಯುತ್ತಿದ್ದ ಹಾಗೆ ಬಂದು ಲಾಕರ್ ತೆಗೀರಿ ಎಂದರು. ಮೊಮ್ಮಗಳು ಶಬಾನಾಳ ನಿಕಾಹ್ ಭಾನುವಾರ, ಹಿರಿಯೂರಿನಲ್ಲೇ. ಶನಿವಾರ ಎರಡನೇ ಶನಿವಾರ, ಬ್ಯಾಂಕಿಗೆ ರಜ. ಲಾಕರಿನಲ್ಲಿ ಇದ್ದದ್ದು ಒಂದು ನತ್ತು.

“ನಮ್ಮತ್ತೆ ಹಾಕ್ಕಂಡಿದ್ದು, ನಾನು ಹಾಕ್ಕಂಡಿದ್ದು, ನನ್ನ ಮಗಳೂ ಹಾಕ್ಕಂಡಿದ್ಲಮ್ಮ,” ಎಂದರು. “ಮಗಳು ಈಗಿಲ್ಲ. ಈ ಕೂಸನ್ನ ಬಿಟ್ಟು ಹೋದ್ಲು. ಅಮ್ಮೀದು ನತ್ತು ಹಾಕ್ಕಂಡೇ ನಿಕಾಹಿಗೆ ಕುಂತ್ಕಂತೀನಿ ಅಂತ ಹುಡುಗಿ ಚಿಕ್ಕಂದಿನಿಂದ ಹೇಳ್ತಾ ಐತೆ.”

ಬಿಸ್ಮಿಲ್ಲಾ ಎಂದು ಪೆನ್ನು ಹಿಡಿದು, ಬಲಗಡೆಯಿಂದ ಉರ್ದುವಿನಲ್ಲಿ ಸಹಿ ಮಾಡಿದರು. ಕೆಂಪು. ಮತ್ತೆ ಮಾಡಿದರು. ಕೆಂಪು. ಮೂರನೆಯ ಸಲವೂ ಕೆಂಪಾದ ಮೇಲೆ ಯಂತ್ರ ಅತ್ತೆಮನೆಯ ಅಳಿಯನ ಹಾಗೆ ಮುನಿಸಿಕೊಂಡು ಅರ್ಧ ಗಂಟೆ ಮಾತಾಡುವುದಿಲ್ಲ ಎಂದಿತು. ರಂಗನಾಥ ಸಾರ್ ಹೆಡ್ಡಾಫೀಸಿಗೆ ಫೋನು ಮಾಡಿದರು. ಯಂತ್ರ ಒಪ್ಪದೆ ಲಾಕರ್ ತೆರೆದರೆ ನೀವೇ ಹೊಣೆ ಎಂದು ಅಲ್ಲಿಂದ ಉತ್ತರ ಬಂತು. ಅವರು ಒಳಗೆ ಹೋಗಿ ಮೂಗು ಹಿಡಿದು ಕೂತರು. ನಾನು ವಿನಯನಿಗೆ ಫೋನು ಮಾಡಿದೆ. “ಕೈ ಒತ್ತಡ ತುಂಬಾ ಜಾಸ್ತಿ ಬರ್ತಿದೆ ಮೇಡಂ, ಕಲಿಸಿದಾಗ ಕಡಿಮೆ ಇತ್ತು. ಹೊಸದಾಗಿ ಕಲಿಸೋಕೆ ಸೋಮವಾರಾನೇ ಆಗುತ್ತೆ. ರಿಲ್ಯಾಕ್ಸ್ ಆಗಿ ಮಾಡೋಕೆ ಹೇಳಿ” ಎಂದ. ಮದುವೆ ಮನೆಯ ಅಜ್ಜಿಗೆ ಆರಾಮಾಗಿರಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಮತ್ತೆ ಪ್ರಯತ್ನಿಸಿದೆವು. ಕೆಂಪೇ. ಖೈರುನ್‌ಬಿ ಜೋರು ಹೆಂಗಸು, ಹಮಾಲರನ್ನು ಗದರಿಸಿ ಕೆಲಸ ತೆಗೆದವರು, ಆದರೆ ಆ ಹೊತ್ತಿಗೆ ಕಣ್ಣಲ್ಲಿ ನೀರು ತಂದುಕೊಂಡರು. “ನಾನೇ ನಾನಲ್ಲ ಅಂತೈತಲ್ಲಮ್ಮ ಇದು,” ಎಂದರು. “ಹುಡುಗಿಗೆ ಏನಂತ ಹೇಳ್ಲಿ?” ಎಷ್ಟೋ ಜನರ ಸಹಿಯನ್ನು ಹೊಂದುತ್ತಿಲ್ಲ ಎಂದು ವಾಪಸ್ ಮಾಡಿದವಳು ನಾನು, ಆ ಮಾತು ಕೇಳುವವರಿಗೆ ಹೇಗಿರುತ್ತದೆ ಎಂದು ಅವತ್ತೇ ಸರಿಯಾಗಿ ತಿಳಿದದ್ದು.

ಅವರು ಹಲಗೆಯನ್ನು ಬೆರಳಲ್ಲಿ ಕುಟ್ಟಿ ಗೊಣಗಿದರು. “ಬಂಡೆ ಇದ್ದಂಗೈತೆ. ಅವತ್ತು ಮೆತ್ತಗಿತ್ತು.”

ನನ್ನ ಕಿವಿ ನೆಟ್ಟಗಾಯಿತು. “ಓಬಳೇಶ,” ಎಂದು ಕರೆದೆ, “ಧರ್ಮಪುರದ ಕ್ಯಾಂಪಲ್ಲಿ ಯಂತ್ರ ಎಲ್ಲಿಟ್ಟಿದ್ದೆ?”

“ಇವರ ಮಂಡಿಯಾಗೇ ಮೇಡಂ. ಪಂಚಾಯ್ತಿ ಹಾಲ್ ಖಾಲಿ ಇರಲಿಲ್ಲ.”

“ಮಂಡಿಯಲ್ಲಿ ಎಲ್ಲಿ? ಟೇಬಲ್ ಮೇಲಾ?”

“ಮಂಡಿಯಾಗೆ ಟೇಬಲ್ ಎಲ್ಲಿ ಬರ್ತೈತೆ ಮೇಡಂ? ಶೇಂಗಾ ಚೀಲ ಅಡ್ಡ ಮಲಗಿಸಿ ಅದರ ಮೇಲೆ ಇಟ್ಟಿದ್ದೆ. ಕುಂತ್ಕಂಡು ಸಹಿ ಮಾಡಾಕೆ ಎತ್ತರ ಲಾಯಕ್ಕಾಗಿತ್ತು.”

ಧರ್ಮಪುರಕ್ಕೆ ಧರ್ಮಪುರವೇ ಶೇಂಗಾ ಚೀಲದ ಮೇಲೆ ಸಹಿ ಮಾಡಿತ್ತು. ಪೆನ್ನು ಒತ್ತಿದರೆ ಹಲಗೆ ಕೆಳಗೆ ಕುಸಿಯುತ್ತದೆ, ಒತ್ತಡ ಚೀಲದೊಳಗೆ ಹೋಗುತ್ತದೆ. ಯಂತ್ರ ಆ ಮೆತ್ತನೆಯ ಕೈಯನ್ನೇ ಅಸಲಿ ಎಂದು ಕಲಿತುಬಿಟ್ಟಿತ್ತು. ನಾನು ಮ್ಯಾನೇಜರ್ ರೂಮಿಗೆ ನುಗ್ಗಿ, “ಸಾರ್, ನಿಮ್ಮ ದಿಂಬು ಕೊಡಿ” ಎಂದು ಅವರ ಕುರ್ಚಿಯ ದಿಂಬು ಎಳೆದುಕೊಂಡೆ. ದಿಂಬಿನ ಮೇಲಿಟ್ಟರೆ ಹಲಗೆ ಮುಳುಗೇ ಹೋಯಿತು. ಕೆಂಪು. ಓಬಳೇಶ ಎದುರಿನ ಹೋಟೆಲಿನಿಂದ ಅಕ್ಕಿ ಚೀಲ ತಂದ. ಕೆಂಪು. ಯಂತ್ರ ಮತ್ತೆ ಮುನಿಸಿಕೊಂಡಿತು.

“ಅಕ್ಕಿ ಯಾಕೆ ತಂದೆ? ಶೇಂಗಾ ತಗಂಬಾರೋ,” ಎಂದರು ಖೈರುನ್‌ಬಿ. ಅವರ ಅಳು ನಿಂತಿತ್ತು, ಮಂಡಿಯ ದನಿ ವಾಪಸ್ ಬಂದಿತ್ತು. ಓಬಳೇಶ ಎಣ್ಣೆ ಮಿಲ್ಲಿಗೆ ಓಡಿ, ಆಟೋದಲ್ಲಿ ಒಂದು ಚೀಲ ಹಾಕಿಸಿಕೊಂಡು ಬಂದ. ಅವರು ಅದಕ್ಕೆ ಕಾಲಲ್ಲಿ ಒಮ್ಮೆ ತಿವಿದು ಹಣೆ ಚಚ್ಚಿಕೊಂಡರು. “ಇದು ಬೀಜ ಕಣೋ. ಅವತ್ತು ಸಿಪ್ಪೆ ಸಮೇತ ಕಾಯಿ ಇತ್ತು. ಯಾರ್ಡಿಗೆ ಹೋಗು, ನನ್ನ ಹೆಸರು ಹೇಳು.”

ಊಟದ ಹೊತ್ತಿಗೆ ಎಪಿಎಂಸಿ ಯಾರ್ಡಿನಿಂದ ಕಾಯಿ ಚೀಲ ಬಂತು. ಇಬ್ಬರು ಹಮಾಲರು ಅದನ್ನು ಕೌಂಟರಿನ ಮುಂದೆ ಅಡ್ಡ ಮಲಗಿಸಿದರು. ಅವತ್ತು ಬ್ಯಾಂಕಿನಲ್ಲಿದ್ದ ಯಾರೂ ತಮ್ಮ ಕೆಲಸ ಮುಗಿದರೂ ಮನೆಗೆ ಹೋಗಿರಲಿಲ್ಲ. ಒಬ್ಬರು ಚೀಲದ ತೂತಿನಿಂದ ಕಾಯಿ ಬಿಡಿಸಿ ತಿನ್ನತೊಡಗಿದರು. “ಸಹಿ ಆಗೋವರೆಗೂ ತಿನ್ಬ್ಯಾಡ್ರಿ, ಮೂಟೆ ಇಳಿತೈತೆ,” ಎಂದು ಓಬಳೇಶ ಗದರಿದ. ಖೈರುನ್‌ಬಿ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಚೀಲದ ಮೇಲೆ ಹಲಗೆಯಿಟ್ಟು, ಎರಡು ಸಲ ಅಲ್ಲಾಡಿಸಿ ಕಾಯಿಗಳನ್ನು ಹದಕ್ಕೆ ಕೂರಿಸಿದರು. ರಂಗನಾಥ ಸಾರ್ ಎದುರಿಗೆ ನಿಂತು ಅವರ ಪರವಾಗಿ ಮೂಗು ಹಿಡಿದುಕೊಂಡಿದ್ದರು. ಖೈರುನ್‌ಬಿ ಸಹಿ ಮಾಡುವಾಗ ಚೀಲ ಕರಕರ ಎಂದಿತು.

ಹಸಿರು.

ಜನ ಚಪ್ಪಾಳೆ ತಟ್ಟಿದರು. ನಾನು ಅವರನ್ನು ಲಾಕರ್ ರೂಮಿಗೆ ಕರೆದುಕೊಂಡು ಹೋದೆ. ಹಸಿರು ಬಟ್ಟೆಯ ಗಂಟು ಬಿಚ್ಚಿ ನತ್ತು ತೆಗೆದು, ಕಣ್ಣಿಗೊತ್ತಿಕೊಂಡು, ಮಗಳ ಹೆಸರು ಹೇಳಿದರು. ಆಮೇಲೆ ನನ್ನ ಕೆನ್ನೆ ಸವರಿ ನಕ್ಕರು. ನಾನೂ ನಕ್ಕೆ, ಜೊತೆಗೆ ಅಳುವೂ ಬಂತು.

ಹೊರಗೆ ಬಂದು ಎರಡನೆಯ ಸಹಿ ಮಾಡಬೇಕಿತ್ತಲ್ಲ. ಅದೇ ಚೀಲ, ಅದೇ ಹಲಗೆ, ಅದೇ ನೆಲ. ಎಡಗೈ ಮುಷ್ಟಿಯಲ್ಲಿ ನತ್ತು ಹಿಡಿದು, ಬಲಗೈಯಲ್ಲಿ ಸರ್ರನೆ ಸಹಿ ಎಳೆದರು. ಪೆನ್ನು ಹಲಗೆಗೆ ತಾಗಿತೋ ಇಲ್ಲವೋ ಅನ್ನುವ ಹಾಗೆ ತೇಲಿ ಹೋಯಿತು. ಕೆಂಪು. ಇನ್ನೊಂದು ಸಲ, ಇನ್ನೂ ಹಗುರ. ಕೆಂಪು. ಸ್ವಲ್ಪ ಒತ್ತಿ ಮಾಡಿ ಎಂದೆ. “ಒತ್ತಾಕೆ ಕೈಯಾಗೆ ಏನೂ ಉಳಿದಿಲ್ಲಮ್ಮ,” ಎಂದರು. ಮೂರನೆಯದೂ ಕೆಂಪಾಯಿತು. ಖುಷಿಯ ಕೈಯನ್ನು ಆ ಯಂತ್ರಕ್ಕೆ ನಾವ್ಯಾರೂ ಕಲಿಸಿರಲಿಲ್ಲ.

ಲಾಕರಿಗೆ ಬೀಗ ನಾನೇ ಹಾಕಿದ್ದೆ, ಕೀಲಿ ಸರಿಯಾಗಿತ್ತು, ಉಳಿದದ್ದು ಯಂತ್ರದ ಹಟ ಮಾತ್ರ. ರಂಗನಾಥ ಸಾರ್ ಮುಖ ನೋಡಿದೆ. ಅವರು ಜೀವನದಲ್ಲಿ ಮೊದಲ ಬಾರಿಗೆ ಮೂಗು ಹಿಡಿಯದೆ ಒಂದು ನಿರ್ಧಾರ ಮಾಡಿದರು. “ಹೋಗಿ ಬರ್ರಿ ಅಮ್ಮ, ನಿಕಾಹ್ ಚೆನ್ನಾಗಿ ಆಗ್ಲಿ,” ಎಂದರು.

ಭಾನುವಾರ ನಾನೂ ಮದುವೆಗೆ ಹೋಗಿದ್ದೆ. ನನಗೆ ಬೇರೆ ಸಸ್ಯಾಹಾರದ ಊಟ ಮಾಡಿಸಿದ್ದರು. ಹೆಂಗಸರ ಕಡೆ ಶಬಾನಾ ಅಮ್ಮನ ನತ್ತು ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಖೈರುನ್‌ಬಿ ಅವಳ ಪಕ್ಕ ಬಿಟ್ಟು ಅಲ್ಲಾಡಿರಲಿಲ್ಲ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ವಿನಯ್. ಗಾಬರಿಯಾಗಿದ್ದ.

“ಮೇಡಂ, ಖೈರುನ್ನಿಸಾ ಅನ್ನೋ ಕಸ್ಟಮರ್ ಶುಕ್ರವಾರದಿಂದ ಲಾಕರ್ ರೂಮಲ್ಲೇ ಇದಾರೆ ಅಂತ ಇಲ್ಲಿ ತೋರಿಸ್ತಾ ಇದೆ. ಊಟ, ನೀರು ಏನೂ ಇಲ್ದೆ ಮೂರು ದಿನ ಮೇಡಂ. ಬೇಗ ಯಾರನ್ನಾದ್ರೂ ಕಳಿಸಿ ಬಾಗಿಲು ತೆಗೆಸಿ.”

ನನಗೆ ನಗು ತಡೆಯಲಾಗಲಿಲ್ಲ. ಯಾರದಮ್ಮ ಫೋನು ಎಂದು ಖೈರುನ್‌ಬಿ ಕೇಳಿದರು. ಯಂತ್ರದ ಹುಡುಗ, ನೀವು ಇನ್ನೂ ಲಾಕರಲ್ಲೇ ಇದೀರಂತೆ ಎಂದೆ. ಅವರು ಫೋನು ಇಸಿದುಕೊಂಡರು.

“ಬೇಟಾ, ನಾನೇ ಖೈರುನ್‌ಬಿ. ಹೊರಗೆ ಬಂದಾಯ್ತು, ಹುಡುಗಿದು ನಿಕಾಹೂ ಆಯ್ತು. ನೀನು ಊಟ ಮಾಡಿದ್ಯಾ?”

“ಇನ್ನೂ ಇಲ್ಲ ಅಜ್ಜಿ,” ಎಂದ ವಿನಯ್.

“ಹಂಗಾದ್ರೆ ಬಸ್ ಹತ್ತಿ ಬಾ,” ಎಂದರು ಅವರು. “ಇಲ್ಲಿ ಒಳಗೆ ಬರಾಕೆ ಸಹಿ ಕೇಳಲ್ಲ.”